ತುರ್ತು: ‘ರೀಫಂಡ್’ಗೆ ‘ಮರುಪಾವತಿ’ ಬೇಡ, ಬೋರ್ಡಿಗೆ ಬೇರೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಮೋಸದ ಮೆಸೇಜುಗಳ ಬಗ್ಗೆ ಎಚ್ಚರಿಸುವ ನಮ್ಮ ಕಟ್ಟಡದ ಬೋರ್ಡಿಗೆ, ‘ರೀಫಂಡ್’ (ಹೆಚ್ಚಾಗಿ ಕಟ್ಟಿದ ತೆರಿಗೆ ವಾಪಸ್ ಬರೋದು) ಅನ್ನೋದಕ್ಕೆ ಕನ್ನಡ ಪದ ಹೇಳಿ ಅಂತ ನಿನ್ನೆ ರಾತ್ರಿ ಕೇಳಿದ್ದಕ್ಕೆ ಬೆಳಗಾಗುವುದರೊಳಗೆ ಒಂಬತ್ತು ಉತ್ತರ ಬಂದಿವೆ. ಪದ ಮಾತ್ರ ಸಿಕ್ಕಿಲ್ಲ. ಸಂಜೆ ಐದಕ್ಕೆ ರಾಜಾಜಿನಗರದ ಪ್ರಿಂಟಿಂಗ್ ಅಂಗಡಿಗೆ ಮ್ಯಾಟರ್ ಕೊಡಬೇಕು. ಅದಕ್ಕೆ ಈ ಪದಕ್ಕಾಗಿ ಯಾಕಿಷ್ಟು ಒದ್ದಾಡುತ್ತಿದ್ದೇನೆ ಅಂತ ಪೂರ್ತಿ ಹೇಳಿಬಿಡುತ್ತೇನೆ.

ಹಳೇ ಬೋರ್ಡು ಬರೆದವಳು ನಾನೇ. ‘ತೆರಿಗೆ ಮರುಪಾವತಿಯ ಹೆಸರಿನಲ್ಲಿ ಬರುವ ಲಿಂಕ್ ಒತ್ತಬೇಡಿ’ ಅಂತ ಲಿಫ್ಟ್ ಪಕ್ಕ ಅಂಟಿಸಿದ್ದೆವು. ಕೆಳಗಿನ ಮನೆಯಲ್ಲಿ ನಿವೃತ್ತ ಮೇಷ್ಟ್ರಿದ್ದಾರೆ. ಅವರ ಎಫ್‌ಡಿ ಬಡ್ಡಿಯಲ್ಲಿ ಬ್ಯಾಂಕಿನವರು ಶೇ. 10 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರು. ತೆರಿಗೆ ಹಿಡಿಯಬೇಡಿ ಅಂತ ಹಿರಿಯ ನಾಗರಿಕರು ಬ್ಯಾಂಕಿಗೆ ಕೊಡುತ್ತಿದ್ದ 15ಎಚ್ ಫಾರಂ ಕೊಡೋದು ಮೇಷ್ಟ್ರಿಗೆ ಮರೆತುಹೋಗಿತ್ತು. ಆದಾಯ ತೆರಿಗೆ ರಿಟರ್ನ್ ಹಾಕಿ, ಆ ದುಡ್ಡಿಗಾಗಿ ಕಾಯುತ್ತಿದ್ದರು. ಅಷ್ಟರಲ್ಲಿ 15,490 ರೂಪಾಯಿ ರೀಫಂಡ್ ಮಂಜೂರಾಗಿದೆ, ಅಕೌಂಟ್ ನಂಬರ್ ಸರಿ ಇದೆಯಾ ನೋಡಿ, ಅಂತ ಮೆಸೇಜು ಬಂತು. ಇದು ಸುಳ್ಳು ಮೆಸೇಜು ಅಂತ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ 2023ರಲ್ಲೇ ಹೇಳಿತ್ತು. ಮೇಷ್ಟ್ರು ಲಿಂಕ್ ಒತ್ತಿದರು, ಕಾರ್ಡ್ ನಂಬರ್ ಹಾಕಿದರು, ಓಟಿಪಿಯನ್ನೂ ಹಾಕಿದರು. 38,000 ಹೋಯಿತು.

ಬೋರ್ಡ್ ನೋಡಿರಲಿಲ್ವಾ ಸಾರ್ ಅಂತ ಕೇಳಿದೆ. “ನೋಡಿದ್ದೆ ಕಣಮ್ಮ. ಮರುಪಾವತಿ ಅಂತ ಇತ್ತಲ್ಲ, ಸಾಲ ತೀರಿಸೋರಿಗೆ ಹಾಕಿದ್ದೀರ ಅಂದ್ಕೊಂಡೆ. ನನಗ್ಯಾವ ಸಾಲ ಇದೆ?” ಅಂದರು.

ತಪ್ಪು ಮೇಷ್ಟ್ರದ್ದಲ್ಲ, ನನ್ನ ಪದದ್ದು. ಈಗ ನಿಮ್ಮ ಉತ್ತರಗಳಿಗೆ ಬರುತ್ತೇನೆ.

> ಮರುಪಾವತಿ ಸರ್ಕಾರಿ ಪದ. ಎಲ್ಲರಿಗೂ ಗೊತ್ತು. ಚರ್ಚೆ ಅನಗತ್ಯ.

ಎಲ್ಲರಿಗೂ ಗೊತ್ತಿಲ್ಲ, ಮೇಲೆ ಹೇಳಿದೆನಲ್ಲ. ಬ್ಯಾಂಕಿನ ಗೋಡೆ ಮೇಲೆ ‘ಸಾಲ ಮರುಪಾವತಿ’ ಅಂದರೆ ದುಡ್ಡು ನಮ್ಮ ಕೈಯಿಂದ ಹೋಗುತ್ತೆ. ‘ತೆರಿಗೆ ಮರುಪಾವತಿ’ ಅಂದರೆ ದುಡ್ಡು ನಮ್ಮ ಕೈಗೆ ಬರುತ್ತೆ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಪದ! ಮರುಮುದ್ರಣ, ಮರುಪರೀಕ್ಷೆ, ಮರುಎಣಿಕೆ ಕೇಳಿ ಕೇಳಿ ‘ಮರು’ ಅಂದರೆ ‘ಇನ್ನೊಂದು ಸಲ’ ಅಂತಲೇ ಕಿವಿಗೆ ಬೀಳುತ್ತೆ. ತೆರಿಗೆಯನ್ನು ಇನ್ನೊಂದು ಸಲ ಕಟ್ಟಬೇಕಾ ಅಂತ ಯಾರಾದರೂ ಕೇಳಿದರೆ ಅವರನ್ನು ದಡ್ಡರು ಅನ್ನೋಕಾಗಲ್ಲ. ‘ಮರುಟಪಾಲು’ (ಪತ್ರ ಬಂದ ಕೂಡಲೇ ಟಪಾಲಿನಲ್ಲಿ ಕಳಿಸುವ ಉತ್ತರ) ಅನ್ನುವಾಗ ಹಿಂದಕ್ಕೆ ಅನ್ನೋ ಅರ್ಥ ಇದೆ ಎಂದು ಇನ್ನೊಬ್ಬರು ಬರೆದಿದ್ದಾರೆ. ಇದೆ, ಒಪ್ಪಿದೆ. ಆದರೆ ಆ ಮಾತು ಈಗ ಯಾರ ಬಾಯಲ್ಲಿದೆ?

> ‘ತೆರು’ ನಮ್ಮದೇ ಧಾತು. ‘ಮರುತೆರು’ ಅನ್ನಿ. ವಾಪಸು ಪಾರ್ಸಿ, ಅದನ್ನು ಬೋರ್ಡಿಗೆ ಹಾಕುವುದು ಕನ್ನಡಕ್ಕೆ ಅವಮಾನ.

ತೆರು ಚೆಂದದ ಪದ. ಆದರೆ ಬೆಲೆ ತೆರು, ದಂಡ ತೆರು, ಕಪ್ಪ ತೆರು, ಎಲ್ಲದರಲ್ಲೂ ದುಡ್ಡು ಹೋಗೋದೇ. ‘ಮರುತೆರು’ ಅಂದರೆ ಮೇಷ್ಟ್ರು ಇನ್ನೊಮ್ಮೆ ಕಟ್ಟೋಕೆ ಹೊರಡ್ತಾರೆ. ಇನ್ನು ಪಾರ್ಸಿ ವಿಷಯ. ಮೇಲಿನವರು ಸರ್ಕಾರಿ ಪದ ಅಂದ ಮರುಪಾವತಿಯಲ್ಲಿರುವ ‘ಪಾವತಿ’ ಮರಾಠಿಯಿಂದ ಬಂದದ್ದು. ಅಲ್ಲಿ ಅದಕ್ಕೆ ರಸೀದಿ ಅಂತ ಅರ್ಥ. ಜಮಾ, ಬಾಕಿ, ವಸೂಲಿ ಅರಬ್ಬಿಯವು. ಇವನ್ನೆಲ್ಲ ತೆಗೆದುಹಾಕಿ ಒಂದು ಕಿರಾಣಿ ಅಂಗಡಿ ಲೆಕ್ಕ ಬರೆದು ತೋರಿಸಿ. ‘ಚಿಲ್ಲರೆ ವಾಪಸ್ ಕೊಡಿ’ ಅಂತ ಹೂ ಮಾರುವ ಅಜ್ಜಿಯೂ ಹೇಳ್ತಾರೆ. ಅವರು ಹೇಳೋದು ಕನ್ನಡವೇ ಅಲ್ವಾ?

> ಖಾತೆಗೆ ಹಣ ಮರಳಿಕೆ.

ಮರಳಿಕೆ ಪರವಾಗಿಲ್ಲ, ದಿಕ್ಕು ಸರಿ ಇದೆ. ಆದರೆ ಬರೀ ‘ಖಾತೆ’ ಅಂತ ಬೆಂಗಳೂರಲ್ಲಿ ಹಾಕಬೇಡಿ. ಇಲ್ಲಿ ಖಾತೆ ಅಂದರೆ ಪಾಲಿಕೆಯ ಆಸ್ತಿ ದಾಖಲೆ: ಮನೆ ಖಾತೆ, ಎ ಖಾತಾ, ಬಿ ಖಾತಾ, ಇ-ಖಾತಾ. ‘ಖಾತೆ ಸರಿ ಇದೆಯೇ ನೋಡಿ’ ಅಂದರೆ ನಮ್ಮ ಬೀದಿಯಲ್ಲಿ ಅರ್ಧ ಜನ ಪಾಲಿಕೆ ಆಫೀಸಿಗೆ ಓಡ್ತಾರೆ. ‘ಬ್ಯಾಂಕ್ ಅಕೌಂಟ್’ ಅಂತಲೇ ಬರೆಯುತ್ತೇನೆ.

ದೇಶದ ರಿಟರ್ನ್‌ಗಳನ್ನು ಪ್ರೊಸೆಸ್ ಮಾಡುವ ಆದಾಯ ತೆರಿಗೆ ಇಲಾಖೆಯ ಕೇಂದ್ರ, ಸಿಪಿಸಿ, ಇರೋದು ನಮ್ಮ ಬೆಂಗಳೂರಲ್ಲೇ. ಆ ಊರಿನಲ್ಲಿ ಕೂತು ರೀಫಂಡ್‌ಗೆ ಎಲ್ಲರಿಗೂ ತಿಳಿಯೋ ಒಂದು ಕನ್ನಡ ಪದ ಹೊಂದಿಸೋಕೆ ಆಗ್ತಿಲ್ಲ ಅಂದರೆ ನನಗೆ ನಿಜಕ್ಕೂ ಬೇಸರ ಆಗುತ್ತೆ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ:

‘ನಿಮಗೆ ವಾಪಸ್ ಬರಬೇಕಾದ ತೆರಿಗೆ ಹಣದ (ರೀಫಂಡ್) ಹೆಸರಿನಲ್ಲಿ ಲಿಂಕ್ ಬಂದರೆ ಒತ್ತಬೇಡಿ. ಆ ಹಣ ನೀವು ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಮೊದಲೇ ಕೊಟ್ಟ ಬ್ಯಾಂಕ್ ಅಕೌಂಟಿಗೆ ನೇರವಾಗಿ ಬರುತ್ತದೆ. ಇಲಾಖೆ ಓಟಿಪಿ, ಪಿನ್ ಕೇಳುವುದಿಲ್ಲ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.’

ಮೇಷ್ಟ್ರಿಗೆ ಓದಿ ಹೇಳಿದೆ. ನಾನು ‘ಬರುವ’ ಅಂತ ಬರೆದಿದ್ದನ್ನು ‘ಬರಬೇಕಾದ’ ಅಂತ ತಿದ್ದಿದವರು ಅವರೇ. ಬರುವ ಅಂದರೆ ಮೆಸೇಜ್ ಹಾಕಿದವನೇ ಕೊಡ್ತಾನೆ ಅನ್ನೋ ಹಾಗಿದೆ ಅಂದರು. ಸರಿ ಅನ್ನಿಸಿತು.

ಇನ್ನೊಂದು ಸಾಲು ಬಾಕಿ ಇದೆ. ‘ಸುಳ್ಳು ಕಡಿತ ತೋರಿಸಿ ದೊಡ್ಡ ರೀಫಂಡ್ ಕೊಡಿಸುವ ಏಜೆಂಟರನ್ನು ನಂಬಬೇಡಿ’ ಅಂತ. ನಮ್ಮ ಸೆಕ್ಯೂರಿಟಿ ಹುಡುಗರ ಹತ್ತಿರ ಅಂಥ ಒಬ್ಬ ಬಂದು ಹೋಗಿದ್ದಾನೆ. ಬಂದ ದುಡ್ಡಲ್ಲಿ ಇಷ್ಟು ಪರ್ಸೆಂಟ್ ಅವನಿಗಂತೆ. ಸುಳ್ಳು ಲೆಕ್ಕ ಸಿಕ್ಕಿಬಿದ್ದರೆ ಆ ತೆರಿಗೆಯ ಎರಡು ಪಟ್ಟು ದಂಡ, ಅದೂ ಹುಡುಗನ ತಲೆ ಮೇಲೆ. ಇಲ್ಲಿ ‘ಕಡಿತ’ ನನಗೆ ಕಷ್ಟ ಕೊಡ್ತಿದೆ. ಸಂಬಳದಲ್ಲಿ ಟಿಡಿಎಸ್ ಹಿಡಿದರೂ ಕಡಿತ, ಆದಾಯದಲ್ಲಿ ಕಳೆದು ತೋರಿಸಿದರೂ ಕಡಿತ, ಬಜೆಟ್‌ನಲ್ಲಿ ದರ ಇಳಿಸಿದರೂ ಪೇಪರಿನಲ್ಲಿ ‘ತೆರಿಗೆ ಕಡಿತ’. ‘ಕೊಡದ ಬಾಡಿಗೆ, ಕೊಡದ ದೇಣಿಗೆ ತೋರಿಸಿ’ ಅಂತ ಬಿಡಿಸಿ ಬರೆಯಲಾ, ಅಥವಾ ಒಂದೇ ಪದ ಇದೆಯಾ? ಐದು ಗಂಟೆಯೊಳಗೆ ಹೇಳಿ. ಧಾತು ಚರ್ಚೆ ನಾಳೆ ಮಾಡೋಣ.