ಇಂಗ್ಲಿಷ್ ಬಾರದ ಚೀಲಪ್ಪ

ಕಳೆದ ವಾರ ಇಲ್ಲಿ ಅಮೆರಿಕದ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದರಲ್ಲ, ಮಗನಿಗೆ ನಾಲ್ಕೂವರೆ ವರ್ಷ, ಕನ್ನಡ ಎಲ್ಲಾ ಅರ್ಥ ಆಗುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲೇ ಬರುತ್ತದೆ, ಏನು ಓದಿಸಲಿ ಅಂತ. ಎಲ್ಲರೂ ಊರಿನಿಂದ ತರಿಸುವ ಕನ್ನಡ ಪುಸ್ತಕಗಳ ಹೆಸರು ಹೇಳಿದರು. ಅದು ಸರಿಯೇ, ನಮ್ಮ ಮನೆಯಲ್ಲೂ ಅಂಥವು ಒಂದು ಪೆಟ್ಟಿಗೆ ತುಂಬಾ ಇವೆ. ಆದರೆ ನನ್ನ ಮಗಳ ಬಾಯಿಂದ ಕನ್ನಡ ಹೊರಡಿಸಿದ್ದು ಅವಲ್ಲ. ಅಪ್ಪಟ ಅಮೆರಿಕದ ಪುಸ್ತಕಗಳು. ಟಿವಿಗೆ ಕೈಗೊಂಬೆ ಮಾಡಿ ಆಡಿಸಿದ ಜಿಮ್ ಹೆನ್ಸನ್ ಅವರ ಗೊಂಬೆಗಳ ಪುಸ್ತಕಗಳು.

ನಗಬೇಡಿ, ಹೇಳ್ತೀನಿ.

ಮೊದಲು ಸಿಕ್ಕಿದ್ದು ಗ್ರೋವರ್ ಪುಸ್ತಕ. ಗ್ರೋವರ್ ಅಂದರೆ ‘ಸೆಸಮಿ ಸ್ಟ್ರೀಟ್’ ಅನ್ನುವ ಮಕ್ಕಳ ಟಿವಿ ಕಾರ್ಯಕ್ರಮದ ಒಂದು ಗೊಂಬೆ. ಇಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ‘ದ ಮಾನ್‌ಸ್ಟರ್ ಅಟ್ ದಿ ಎಂಡ್ ಆಫ್ ದಿಸ್ ಬುಕ್’. 1971ರದ್ದು. ಜಾನ್ ಸ್ಟೋನ್ ಬರೆದದ್ದು, ಚಿತ್ರ ಮೈಕಲ್ ಸ್ಮಾಲಿನ್ ಅವರದ್ದು. ಬೆನ್ನಿಗೆ ಚಿನ್ನದ ಬಣ್ಣದ ಪಟ್ಟಿ ಇರುವ ತೆಳು ಪುಸ್ತಕ. ಪುಸ್ತಕದ ಕೊನೆಯಲ್ಲಿ ಒಂದು ಭೂತ ಇದೆ ಅಂತ ಗ್ರೋವರ್‌ಗೆ ಹೇಗೋ ಗೊತ್ತಾಗುತ್ತದೆ. ಹಾಳೆ ತಿರುವಬೇಡಿ ಅಂತ ಓದುವವರ ಹತ್ತಿರವೇ ಬೇಡಿಕೊಳ್ಳುತ್ತಾನೆ. ಕೇಳದಿದ್ದರೆ ಹಾಳೆಗೆ ಹಗ್ಗ ಬಿಗಿಯುತ್ತಾನೆ, ಹಲಗೆ ಹೊಡೆಯುತ್ತಾನೆ, ಕೊನೆಗೆ ಇಟ್ಟಿಗೆ ಗೋಡೆಯನ್ನೇ ಕಟ್ಟುತ್ತಾನೆ. ನಾವು ತಿರುವುತ್ತಲೇ ಹೋಗುತ್ತೇವೆ. ಕೊನೆಯಲ್ಲಿ ಯಾರಿದ್ದಾರೆ ಅಂತ ಹೇಳಲ್ಲ, ಓದದೇ ಇರುವವರೂ ಇರಬಹುದು.

ಇದರಲ್ಲಿ ವರ್ಣನೆ ಇಲ್ಲ, ‘ಒಂದಾನೊಂದು ಕಾಲದಲ್ಲಿ’ ಇಲ್ಲ. ಪೂರ್ತಿ ಮಾತು. ಗೊಂಬೆ ಆಡಿಸುವವರ ಕೈಯಲ್ಲಿ ಬೆಳೆದ ಪಾತ್ರ ನೋಡಿ, ಬಾಯಿ ಬಿಟ್ಟರೆ ಮಾತ್ರ ಅದಕ್ಕೆ ಜೀವ. ಅದಕ್ಕೇ ನಾನು ಇಂಗ್ಲಿಷನ್ನು ಪಕ್ಕಕ್ಕಿಟ್ಟು ನಮ್ಮ ದಾವಣಗೆರೆ ಕನ್ನಡದಲ್ಲಿ ಶುರು ಮಾಡಿದೆ. ‘ಹಾಳಿ ತಿರುವಬ್ಯಾಡ್ರೀ ಅಂದ್ರ ಕೇಳಾಕತ್ತಿಲ್ಲಲ್ರೀ!’ ಮಗಳು ಒಂದು ಸಲ ನನ್ನ ಮುಖ ನೋಡಿದಳು, ಒಂದು ಸಲ ಹಾಳೆ ನೋಡಿದಳು. ಆಮೇಲೆ ‘ತಿರುವ್ತೀನಿ!’ ಅಂದಳು. ಯಾರೂ ಹೇಳಿಕೊಡದೆ ಬಂದ ಒಂದು ಪದ. ಇಟ್ಟಿಗೆ ಗೋಡೆ ಬರುವಷ್ಟರಲ್ಲಿ ‘ಗೋಡೆ ಬೀಳಿಸ್ತೀನಿ’ ಅಂತಲೂ ಆಯಿತು. ಮಾರನೇ ರಾತ್ರಿ ಓದುವ ಸರದಿ ನಮ್ಮ ಯಜಮಾನರದ್ದು. ಅವರು ಕುಂದಾಪುರದ ಕಡೆಯವರು. ‘ಮಗುಚಬೇಡಿ ಮಾರಾಯ್ರೇ’ ಅಂತ ಯಕ್ಷಗಾನದ ಹಾಸ್ಯಗಾರನ ಧಾಟಿಯಲ್ಲಿ ಎಳೆದರು. ಈಗ ಗ್ರೋವರ್‌ಗೆ ಎರಡು ಊರಿನ ಕನ್ನಡ ಬರುತ್ತದೆ. ಯಾವ ಊರಿನ ಗ್ರೋವರ್ ಬೇಕು ಅಂತ ಮಗಳೇ ಆರಿಸುತ್ತಾಳೆ. ದಾವಣಗೆರೆಗೆ ವೋಟು ಜಾಸ್ತಿ, ಅದನ್ನ ಇಲ್ಲಿ ದಾಖಲಿಸಿ ಇಡ್ತೀನಿ.

ಅಲ್ಲಿಂದ ಬಂದವನು ಚೀಲಪ್ಪ. ಜೋಡಿ ಕಳೆದುಕೊಂಡ ಒಂದು ಹಸಿರು ಕಾಲುಚೀಲ, ಎರಡು ಗುಂಡಿ ಹೊಲಿದಿದ್ದು. ಈ ಉಪಾಯವೂ ಹೆನ್ಸನ್ ಅವರಿಂದಲೇ ಬಂತು ಅನ್ನಬಹುದು. ಅವರು 1955ರಲ್ಲಿ, ಇನ್ನೂ ಕಾಲೇಜು ಹುಡುಗ, ವಾಷಿಂಗ್ಟನ್‌ನ ಟಿವಿಗೆ ಐದು ನಿಮಿಷದ ಕಾರ್ಯಕ್ರಮ ಮಾಡುತ್ತಿದ್ದರು. ಅಮ್ಮನ ಹಳೇ ಕೋಟನ್ನು ಕತ್ತರಿಸಿ, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಿಗೆ ಅಂಟಿಸಿ ಮಾಡಿದ ಗೊಂಬೆಯೇ ಮುಂದೆ ಕರ್ಮಿಟ್ ಕಪ್ಪೆ ಆಯಿತು. ಕೋಟು ಕತ್ತರಿಸಿದಾಗ ಅವರಮ್ಮ ಏನಂದರೋ! ನಮ್ಮ ಚೀಲಪ್ಪನ ನಿಯಮ ಒಂದೇ: ಅವನಿಗೆ ಇಂಗ್ಲಿಷ್ ಒಂದಕ್ಷರ ಬರಲ್ಲ. ಪುಸ್ತಕದ ಚಿತ್ರ ನೋಡಿ ‘ಇದೇನಿದು?’ ಅಂತ ಕೇಳುತ್ತಾನೆ. ಮಗಳು ಕನ್ನಡದಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಅವನು ತಲೆ ಕೆರೆದುಕೊಂಡು ಮಲಗಿಬಿಡುತ್ತಾನೆ. ಅಮ್ಮನಿಗೆ ಇಂಗ್ಲಿಷ್ ಬರುತ್ತದೆ ಅಂತ ಅವಳಿಗೆ ಗೊತ್ತು, ಹಾಗಾಗಿ ನನ್ನ ಹತ್ತಿರ ಕನ್ನಡ ಆಡುವ ದರ್ದು ಇಲ್ಲ. ಚೀಲಪ್ಪನ ವಿಷಯ ಹಾಗಲ್ಲ. ಪಾಪ, ಅವನಿಗೆ ಬೇರೆ ಗತಿ ಇಲ್ಲ.

ನಾವಿರುವುದು ಅಟ್ಲಾಂಟಾ ಹತ್ತಿರದ ಆಲ್ಫರೆಟ್ಟಾದಲ್ಲಿ. ಅಟ್ಲಾಂಟಾದ ‘ಸೆಂಟರ್ ಫಾರ್ ಪಪೆಟ್ರಿ ಆರ್ಟ್ಸ್’ ಗೊಂಬೆ ಕೇಂದ್ರಕ್ಕೆ ಒಂದು ಭಾನುವಾರ ಹೋಗಿದ್ದೆವು. 1978ರಲ್ಲಿ ಅದರ ಉದ್ಘಾಟನೆಯ ರಿಬ್ಬನ್ ಕತ್ತರಿಸಿದ್ದೇ ಹೆನ್ಸನ್ ಮತ್ತು ಕರ್ಮಿಟ್. ಅವರ ಗೊಂಬೆಗಳಿಗೇ ಅಲ್ಲಿ ಒಂದು ದೊಡ್ಡ ಭಾಗ ಇದೆ. ಗೊಂಬೆ ಹೇಗೆ ಆಡುತ್ತದೆ ಅಂತ ಅಲ್ಲಿ ತೋರಿಸಿಕೊಟ್ಟೆ. ಆಡಿಸುವವರ ಬಲಗೈ ಗೊಂಬೆಯ ತಲೆಯೊಳಗೆ, ಬಾಯಿ ಆಡಿಸುವುದು ಅದೇ. ಉಳಿದದ್ದು ಎಡಗೈ. ಅದರಲ್ಲಿ ಸಣ್ಣ ಕಡ್ಡಿ ಹಿಡಿದು ಗೊಂಬೆಯ ಕೈ ಆಡಿಸುತ್ತಾರೆ. ಹಾಗಾಗಿ ಕರ್ಮಿಟ್ ಥರದ ಗೊಂಬೆಗಳೆಲ್ಲ ಹೆಚ್ಚಾಗಿ ಎಡಗೈಯಲ್ಲೇ ಕೆಲಸ ಮಾಡುತ್ತವೆ.

ನನ್ನ ಮಗಳು ಎಡಚಿ. ಆ ಹೊತ್ತಿಗೆ ನಮ್ಮಮ್ಮ ಊರಿನಿಂದ ಬಂದಿದ್ದರು. ದಿನಾ ಊಟದ ಹೊತ್ತಿಗೆ ಅಜ್ಜಿ ಮೊಮ್ಮಗಳಿಗೆ ಇದೇ ಜಗಳ. ‘ಎಡಗೈಲಿ ಉಣ್ಣಬಾರದು ಪುಟ್ಟಿ, ಬಲಗೈಲಿ ಉಣ್ಣು.’ ಗೊಂಬೆ ನೋಡಿ ಬಂದ ರಾತ್ರಿ ಮಗಳು ಸಾರನ್ನದ ತಟ್ಟೆ ಮುಂದೆ ಚೀಲಪ್ಪನನ್ನು ಬಲಗೈಗೆ ಹಾಕಿಕೊಂಡು ಕೂತಳು. ‘ಅಜ್ಜಿ, ಈ ಕೈ ಖಾಲಿ ಇಲ್ಲ’ ಅಂದಳು. ನಮ್ಮಮ್ಮನಿಗೆ ನಗು ತಡೆಯಲಾಗಲಿಲ್ಲ. ಜಗಳ ಮುಗಿಯಿತು ಅಂತಲ್ಲ, ಆದರೆ ಅವತ್ತಿನ ಮಟ್ಟಿಗೆ ಚೀಲಪ್ಪನೇ ಗೆದ್ದ. ಅವನಿಗೆ ಸಾರಿನ ಕಲೆ ಇನ್ನೂ ಇದೆ.

ನಮ್ಮಮ್ಮನಿಗೆ ಆಮೇಲೆ ಇದರಲ್ಲಿ ಆಸಕ್ತಿ ಬಂತು. ಮಳೆ ಬರದಿದ್ದಾಗ ಊರಲ್ಲಿ ತೊಗಲು ಗೊಂಬೆ ಆಡಿಸುತ್ತಿದ್ದದ್ದು, ಆ ಆಟದ ಹಾಸ್ಯದ ಜೋಡಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬಂದರೆ ಮಲಗಿದ್ದ ಮಕ್ಕಳೆಲ್ಲ ಎದ್ದು ಕೂರುತ್ತಿದ್ದದ್ದು, ಎಲ್ಲಾ ಹೇಳಿದರು. 2025ರಲ್ಲಿ ಪದ್ಮಶ್ರೀ ಬಂದ ಕೊಪ್ಪಳದ ಮೋರನಾಳದ ತೊಗಲು ಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರ ಫೋಟೋ ಫೋನಿನಲ್ಲಿ ತೋರಿಸಿದೆ. ಮಗಳ ಪ್ರಶ್ನೆ: ‘ಈ ಅಜ್ಜಿನೂ ಎಡಗೈನಾ?’

ಪುಸ್ತಕ ಹುಡುಕುವವರಿಗೆ ಒಂದು ಎಚ್ಚರಿಕೆ. ಲೈಬ್ರರಿಯಲ್ಲಿ ಸುಮ್ನೆ ‘ಜಿಮ್ ಹೆನ್ಸನ್’ ಅಂತ ಹುಡುಕಿದರೆ ಎಲ್ಲಾ ಕಲಸಿ ಬರುತ್ತದೆ. ಕರ್ಮಿಟ್ ಮತ್ತು ಅವನ ಜೊತೆಯ ಗೊಂಬೆಗಳಾದ ಮಪೆಟ್‌ಗಳು 2004ರಿಂದ ಡಿಸ್ನಿಯವು. ಗ್ರೋವರ್, ಎಲ್ಮೋ ಎಲ್ಲಾ ಸೆಸಮಿ ಸ್ಟ್ರೀಟ್ ಮಾಡುವ ಸೆಸಮಿ ವರ್ಕ್‌ಶಾಪ್‌ನವರದ್ದು. ಹೆನ್ಸನ್ ಅವರ ಸ್ವಂತ ಕಂಪನಿಯ ಕೈಯಲ್ಲಿ ಉಳಿದದ್ದು ಟಿವಿಯ ಫ್ರಾಗಲ್ ರಾಕ್, ಡಾರ್ಕ್ ಕ್ರಿಸ್ಟಲ್ ಸಿನಿಮಾ, ಡೈನೋಸಾರ್ ಟ್ರೇನ್ ಥರದವು. ಇದರಲ್ಲಿ ಡಾರ್ಕ್ ಕ್ರಿಸ್ಟಲ್ ಕಾಮಿಕ್ಸ್ ಪುಸ್ತಕಗಳು ಪುಟ್ಟ ಮಕ್ಕಳಿಗಲ್ಲ. ನಾನು ಒಳಗೆ ತೆರೆದು ನೋಡದೆ ತಂದೆ. ಅದರಲ್ಲಿ ಬರುವ ಹದ್ದಿನ ಮುಖದ ದುಷ್ಟ ಸ್ಕೆಕ್ಸಿಸ್‌ಗಳನ್ನು ನೋಡಿ ಮಗಳು ಎರಡು ರಾತ್ರಿ ನಮ್ಮ ಮಧ್ಯೆಯೇ ಮಲಗಿದಳು. ‘ಟೇಲ್ ಆಫ್ ಸ್ಯಾಂಡ್’ ಅಂತ ಒಂದು ಕಾಮಿಕ್ಸ್ ಸಿಗುತ್ತದೆ, ಹೆನ್ಸನ್ ಮತ್ತು ಅವರ ಜೊತೆಗಾರ ಜೆರ್ರಿ ಜುಲ್ ಬರೆದಿಟ್ಟು ಸಿನಿಮಾ ಆಗದೆ ಉಳಿದ ಕಥೆ. ಅದು ದೊಡ್ಡವರಿಗೆ. ಮಕ್ಕಳು ಮಲಗಿದ ಮೇಲೆ ನೀವು ಓದಿ, ಚಿತ್ರಗಳು ಅದ್ಭುತ.

ಡೈನೋಸಾರ್ ಟ್ರೇನ್ ಪುಸ್ತಕಗಳನ್ನು ಮಾತ್ರ ಬಿಡಬೇಡಿ. ಕೈಗೊಂಬೆಯ ಮಜಾ ಅದರಲ್ಲಿಲ್ಲ, ಅದು ಕಂಪ್ಯೂಟರಿನಲ್ಲಿ ಮಾಡಿದ ಟಿವಿ ಧಾರಾವಾಹಿಯಿಂದ ಬಂದದ್ದು. ಆದರೆ ಕಥೆ ನಮಗೆ ಹತ್ತಿರ. ಬಡ್ಡಿ ಅನ್ನುವ ಟೀರೆಕ್ಸ್ ಮರಿ ಟೆರನೊಡಾನ್ ಅನ್ನುವ ಹಾರುವ ಪ್ರಾಣಿಗಳ ಕುಟುಂಬದ ಗೂಡಿನಲ್ಲಿ ಬೆಳೆಯುತ್ತದೆ. ಅಪ್ಪ, ಅಮ್ಮ, ಅಕ್ಕತಂಗಿಯರು ಯಾರೂ ಅದರ ಥರ ಇಲ್ಲ. ಅವರಿಗೆಲ್ಲ ರೆಕ್ಕೆ, ಇದಕ್ಕಿಲ್ಲ. ಅದಕ್ಕಾಗಿ ಯಾರೂ ಅಳುವುದಿಲ್ಲ. ಎಲ್ಲರೂ ಸೇರಿ ರೈಲು ಹತ್ತಿ, ಬಡ್ಡಿ ಯಾವ ಜಾತಿಯ ಡೈನೋಸಾರ್ ಅಂತ ಹುಡುಕಲು ಹೋಗುತ್ತಾರೆ. ಶಾಲೆಯಲ್ಲಿ ಡಬ್ಬಿ ತೆಗೆದಾಗ ಚಿತ್ರಾನ್ನದ ಬಣ್ಣ ನೋಡಿ ಯಾರೋ ಏನೋ ಅಂದಿದ್ದರಂತೆ. ಆ ದಿನ ಮಗಳು ತಾನಾಗಿ ತಂದುಕೊಟ್ಟದ್ದು ಇದೇ ಪುಸ್ತಕ. ‘ಬಡ್ಡಿ ಮನೇಲಿ ಯಾವ ಭಾಷೆ ಮಾತಾಡ್ತಾನೆ?’ ಅಂತ ಕೇಳಿದಳು. ನಾನು ಯೋಚಿಸುವಷ್ಟರಲ್ಲಿ ಚೀಲಪ್ಪನನ್ನು ಹಾಕಿಕೊಂಡು ತಾನೇ ಉತ್ತರ ಕೊಟ್ಟಳು: ‘ಅವರ ಅಮ್ಮಂದು.’

ಇನ್ನೊಂದು. ಪ್ರಾಸ ಇರುವ ಪುಸ್ತಕ, ಎಬಿಸಿಡಿ ಪುಸ್ತಕಗಳನ್ನು ಕನ್ನಡದಲ್ಲಿ ಓದಲು ಹೋಗಬೇಡಿ. ನಾಲಿಗೆ ತೊಡರಿ ನಿಮಗೇ ಸಾಕಾಗುತ್ತದೆ. ಎರಡು ಪಾತ್ರ ಕಿತ್ತಾಡುವ ಪುಸ್ತಕ ಆರಿಸಿ, ಸೆಸಮಿ ಸ್ಟ್ರೀಟ್‌ನ ಬರ್ಟ್ ಮತ್ತು ಅರ್ನಿ ಇದ್ದರಂತೂ ಹಬ್ಬ. ಯಾರದ್ದೋ ಮನೆಯ ಅಣ್ಣತಮ್ಮಂದಿರ ಜಗಳ ಅಂದುಕೊಂಡು ಓದಿದರೆ ಕನ್ನಡ ತಾನಾಗಿ ಬರುತ್ತದೆ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಹಳೇ ಸೆಸಮಿ ಪುಸ್ತಕ ಕಂಡರೆ ಮುಖಪುಟ ನೋಡಿ, ‘ಜಿಮ್ ಹೆನ್ಸನ್ಸ್ ಮಪೆಟ್ಸ್’ ಅನ್ನುವಂಥ ಸಾಲು ಹಲವದರಲ್ಲಿ ಇರುತ್ತದೆ. ನನಗೆ ಆ ಹಳೇ ಚಿತ್ರಗಳೇ ಇಷ್ಟ.

ಗ್ರೋವರ್ ಪುಸ್ತಕ ನಮ್ಮಲ್ಲಿ ಎರಡಿವೆ. ಒಂದರಲ್ಲಿ ಇಟ್ಟಿಗೆ ಗೋಡೆಯ ಹಾಳೆ ಹರಿದಿದೆ, ನಿಜವಾಗಿಯೂ ಬೀಳಿಸಿಬಿಟ್ಟಳು. ಇನ್ನೊಂದು ಚೆನ್ನಾಗಿದೆ. ಕೇಳಿದವರು ಕಮಿಂಗ್, ಜಾನ್ಸ್ ಕ್ರೀಕ್ ಕಡೆ ಇದ್ದರೆ ಮೆಸೇಜ್ ಮಾಡಿ, ಶನಿವಾರ ಕನ್ನಡ ತರಗತಿಗೆ ಬರುವಾಗ ತಂದುಕೊಡ್ತೀನಿ. ಕಾಲುಚೀಲ ಮಾತ್ರ ನಿಮ್ಮದೇ ತನ್ನಿ.