ರೂಜ್ ದ ಗೆರ್: ಯುದ್ಧದಲ್ಲಿ ಯಾವ ಮೋಸ ನಡೆಯುತ್ತೆ, ಯಾವುದು ಅಪರಾಧ?

ಪ್ರಶ್ನೆ:
ನೌಕಾಯುದ್ಧದ ಬರಹಗಳಲ್ಲಿ ‘ರೂಜ್ ದ ಗೆರ್’ ಅನ್ನೋ ಫ್ರೆಂಚ್ ಮಾತು ಪದೇ ಪದೇ ಸಿಗುತ್ತೆ. ಯುದ್ಧದ ಎಲ್ಲ ಮೋಸಕ್ಕೂ ಇದೇ ಹೆಸರಾ? ಶತ್ರುವಿನ ಬಾವುಟ ಹಾರಿಸೋದು, ಬಿಳಿ ಬಾವುಟ ತೋರಿಸಿ ಗುಂಡು ಹೊಡೆಯೋದು ಎರಡೂ ಒಂದೇನಾ?

ಉತ್ತರ 1:
ಖಂಡಿತ ಅಲ್ಲ. ಕಾನೂನು ಒಪ್ಪುವ ಕಪಟಕ್ಕಷ್ಟೇ ಆ ಹೆಸರು. ಯುದ್ಧದ ನಿಯಮಗಳನ್ನು ಹೇಳುವ 1907ರ ಹೇಗ್ ನಿಯಮಾವಳಿಯ 24ನೇ ವಿಧಿ ಅದಕ್ಕೆ ಅನುಮತಿ ಕೊಡುತ್ತೆ. 1977ರ ಜಿನೀವಾ ಹೆಚ್ಚುವರಿ ಪ್ರೋಟೊಕಾಲ್‌ನ 37ನೇ ವಿಧಿ ಉದಾಹರಣೆಗಳನ್ನೂ ಹೆಸರಿಸುತ್ತೆ: ಮರೆಮಾಚುವುದು, ಹುಸಿ ಗುರಿ, ಹುಸಿ ಕಾರ್ಯಾಚರಣೆ, ಸುಳ್ಳು ಮಾಹಿತಿ. ಬಿಳಿ ಬಾವುಟದ್ದು ವಿಶ್ವಾಸಘಾತ. ಶರಣಾದವರನ್ನು, ಗಾಯಾಳುಗಳನ್ನು ಹೊಡೆಯಬಾರದು ಅಂತ ಕಾನೂನೇ ಎದುರಾಳಿಯ ಕೈ ಕಟ್ಟಿರುತ್ತೆ. ಅದನ್ನೇ ದುರುಪಯೋಗ ಮಾಡಿಕೊಂಡು ಕೊಲ್ಲೋದು, ಸೆರೆಹಿಡಿಯೋದು ನಿಷಿದ್ಧ. ಇಲ್ಲದಿದ್ದರೆ ನಾಳೆ ನಿಜವಾಗಿ ಶರಣಾಗೋರನ್ನು ಯಾರು ನಂಬ್ತಾರೆ?

ಉತ್ತರ 2:
ಬಾವುಟದ ವಿಷಯದಲ್ಲಿ ಸಮುದ್ರದ ಲೆಕ್ಕವೇ ಬೇರೆ. ಸುಳ್ಳು ಬಾವುಟದಲ್ಲಿ ಹತ್ತಿರ ಹೋಗಬಹುದು. ಗುಂಡು ಹಾರಿಸುವ ಮುನ್ನ ಸ್ವಂತ ಬಾವುಟ ಏರಲೇಬೇಕು. ಜರ್ಮನಿಯ ಎಮ್ಡೆನ್ ಹಡಗಿಗೆ ಮೂರು ಚಿಮಣಿ, ಬ್ರಿಟನ್ನಿನ ಯಾರ್ಮತ್‌ಗೆ ನಾಲ್ಕು. ಯಾರ್ಮತ್‌ನಂತೆ ಕಾಣಲೆಂದು ಎಮ್ಡೆನ್‌ನವರು ಮೊದಲು ಬರೀ ಕ್ಯಾನ್ವಾಸ್ ಬಿಗಿದು ನಾಲ್ಕನೆಯದನ್ನು ನಿಲ್ಲಿಸಿದರು. ಪಕ್ಕದಿಂದ ಸರಿಯಾಗೇ ಕಂಡರೂ ಎದುರಿಂದ ನೋಡಿದರೆ ದಪ್ಪವೇ ಇಲ್ಲ! ಆಮೇಲೆ ಮರದ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿ ಗಾತ್ರ ಕೊಟ್ಟರು. 1914ರ ಅಕ್ಟೋಬರ್ 28ರ ನಸುಕಿನಲ್ಲಿ ಆ ವೇಷದಲ್ಲೇ ಪೆನಾಂಗ್ ಬಂದರು ಹೊಕ್ಕು, ಜರ್ಮನ್ ಧ್ವಜ ಏರಿಸಿ, ರಷ್ಯದ ಜೆಮ್‌ಚುಗ್ ಹಡಗನ್ನು ಮುಳುಗಿಸಿದರು.

ಉತ್ತರ 3:
ನೆಲದ ಮೇಲೆ ಶತ್ರುವಿನ ಸಮವಸ್ತ್ರದಲ್ಲಿ ದಾಳಿ ಮಾಡೋದನ್ನು ಅದೇ ಪ್ರೋಟೊಕಾಲ್‌ನ 39ನೇ ವಿಧಿ ನಿಷೇಧಿಸುತ್ತೆ. ಎರಡನೇ ಮಹಾಯುದ್ಧದಲ್ಲಿ ತನ್ನ ಸೈನಿಕರಿಗೆ ಅಮೆರಿಕನ್ ಸಮವಸ್ತ್ರ ತೊಡಿಸಿ ಕಳಿಸಿದ ಪ್ರಕರಣದಲ್ಲಿ ಜರ್ಮನ್ ಅಧಿಕಾರಿ ಸ್ಕೋರ್ಜೆನಿ 1947ರಲ್ಲಿ ಖುಲಾಸೆಯಾದ, ನಿಜ. ಆದರೆ ಆ ವೇಷದಲ್ಲಿ ಸಿಕ್ಕಿಬಿದ್ದ ಅವನ ಕೆಲವು ಸೈನಿಕರನ್ನು ಗೂಢಚಾರರೆಂದು ಗುಂಡಿಕ್ಕಿ ಕೊಲ್ಲಲಾಗಿತ್ತು.

ಉತ್ತರ 4:
ಒಳ್ಳೆಯ ಕಪಟ ವಸ್ತುವನ್ನಷ್ಟೇ ಅಲ್ಲ, ದಿನಾಂಕವನ್ನೂ ಮರೆಮಾಡುತ್ತೆ. 1942ರಲ್ಲಿ ಈಜಿಪ್ಟಿನ ಎಲ್ ಅಲಮೇನ್‌ನಲ್ಲಿ ಬ್ರಿಟಿಷರು ರಣರಂಗದ ಉತ್ತರ ಭಾಗದ ಟ್ಯಾಂಕುಗಳಿಗೆ ಲಾರಿಯಂಥ ಹೊದಿಕೆ ಹಾಕಿದರು. ದಕ್ಷಿಣಕ್ಕೆ ಹುಸಿ ನೀರಿನ ಪೈಪ್‌ಲೈನ್ ಎಳೆದರು. ಪೈಪ್ ಅಂದರೆ ಖಾಲಿ ಪೆಟ್ರೋಲ್ ಡಬ್ಬಿಗಳ ಸಾಲು. ಹಗಲು ಪೈಪ್ ಹೂಳಲೆಂಬಂತೆ ತೋಡಿದ ಕಾಲುವೆ ಪಕ್ಕ ಜೋಡಿಸಿಟ್ಟು, ರಾತ್ರಿ ಡಬ್ಬಿ ತೆಗೆದು ಕಾಲುವೆ ಮುಚ್ಚಿ, ಅವೇ ಡಬ್ಬಿಗಳನ್ನು ಮುಂದಿನ ತುಂಡಿಗೆ ಸಾಗಿಸುತ್ತಿದ್ದರು. ಕೆಲಸದ ವೇಗ ನೋಡಿದವರಿಗೆ ಅದು ನವೆಂಬರ್‌ಗೆ ಮುಂಚೆ ಮುಗಿಯೋದಲ್ಲ ಅನ್ನಿಸಬೇಕಿತ್ತು. ಮುಖ್ಯ ದಾಳಿ ಅಕ್ಟೋಬರ್ 23ರ ರಾತ್ರಿಯೇ ಶುರುವಾಯಿತು, ಅದೂ ಉತ್ತರದಲ್ಲಿ.