ಗೋಡೆ ಮೇಲಿನ ಕಿವಿ: ತರಗತಿಯಲ್ಲಿ ಚಿಹ್ನೆಗಳು ಎಷ್ಟಿರಬೇಕು?

ಸುಣ್ಣದಕಡ್ಡಿ: ಮೂರನೇ ತರಗತಿಗೆ ಪಾಠ ಮಾಡ್ತೀನಿ. ಗಂಟಲು ಉಳಿಸಿಕೊಳ್ಳೋಣ ಅಂತ ಗೋಡೆಗೆ ಚಿಹ್ನೆ ಅಂಟಿಸಿದೆ. ಕಿವಿ ಅಂದ್ರೆ ಕೇಳಿ, ಪೆನ್ಸಿಲ್ ಅಂದ್ರೆ ಬರೀರಿ, ಎರಡು ತಲೆ ಅಂದ್ರೆ ಪಕ್ಕದವರ ಜೊತೆ ಚರ್ಚಿಸಿ. ಮೂರರಿಂದ ಶುರುವಾದದ್ದು ಈಗ ಹತ್ತೊಂಬತ್ತಾಗಿದೆ. ಮೊದಲ ವಾರ ಚೆನ್ನಾಗೇ ನಡೀತು. ಈಗ ಕಿವಿ ತೋರಿಸಿದ್ರೆ ಮಕ್ಕಳು ಅದರ ಪಕ್ಕದ ಗೂಬೆ ನೋಡ್ತಾರೆ. (ಗೂಬೆ ಅಂದ್ರೆ 'ಯೋಚಿಸಿ'. ಚೆನ್ನಾಗಿ ಬಿಡಿಸಿಬಿಟ್ಟಿದ್ದೀನಿ, ಅದೇ ತಪ್ಪಾಯ್ತು.) ಸಹೋದ್ಯೋಗಿಯೊಬ್ಬರು ಎಲ್ಲ ಕಿತ್ತುಹಾಕಿ ಅಂತಾರೆ. ನೀವೇನಂತೀರಿ?

ಹಿಂದಿನಬೆಂಚು: ಕೀಳಬೇಡಿ ಮೇಡಂ. ಕೆಲವು ಮಕ್ಕಳು ಕಣ್ಣಿಂದ ಕಲೀತಾರೆ, ಕೆಲವರು ಕಿವಿಯಿಂದ. ಕಣ್ಣಿನ ಮಕ್ಕಳ ಗತಿಯೇನು?

ಲಸಾಅ_ಮೇಷ್ಟ್ರು: ಈ ಕಣ್ಣು-ಕಿವಿ ಪಂಗಡ ಇನ್ನೂ ಬದುಕಿದೆಯಾ? 2008ರಲ್ಲಿ ಮನೋವಿಜ್ಞಾನಿ ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಜಾಲಾಡಿ, 'ಕಲಿಕಾ ಶೈಲಿ' ನೋಡಿ ಪಾಠ ಮಾಡಿದ್ರೆ ಹೆಚ್ಚು ಕಲೀತಾರೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂದರು. ಚಿತ್ರ ಬೇಡ ಅಂತ ನಾನು ಹೇಳ್ತಿಲ್ಲ. ಮಾತಿನ ಜೊತೆ ಬಂದರೆ ಅದು ಎಲ್ಲರಿಗೂ ಒದಗುತ್ತೆ. ಮನೋವಿಜ್ಞಾನಿ ಅಲನ್ ಪೈವಿಯೊ 1970ರ ದಶಕದಲ್ಲಿ ಹೇಳಿದ್ದು ಅದನ್ನೇ: ಪದ ಒಂದು ದಾರಿ, ಚಿತ್ರ ಇನ್ನೊಂದು ದಾರಿ. ಒಂದು ಮರೆತರೆ ಇನ್ನೊಂದರಲ್ಲಿ ಸಿಗುತ್ತೆ. ಆದರೆ ಹತ್ತೊಂಬತ್ತು? 2014ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಪುಟ್ಟ ಮಕ್ಕಳಿಗೆ ಕೆಲವು ಪಾಠ ಅಲಂಕಾರ ತುಂಬಿದ ಕೋಣೆಯಲ್ಲಿ, ಕೆಲವು ಬೋಳು ಗೋಡೆಯ ನಡುವೆ ಮಾಡಿಸಿದ್ರು. ಅಲಂಕಾರದ ಕೋಣೆಯಲ್ಲಿ ಗಮನ ಹೆಚ್ಚು ಚದುರಿತು, ಕಲಿಕೆಯೂ ಇಳೀತು.

ಹಿಂದಿನಬೆಂಚು: ಆ ಅಧ್ಯಯನ ನಾನೂ ಓದಿದ್ದೀನಿ. ಒಂದೇ ಪುಟ್ಟ ಗುಂಪು. ಅಷ್ಟಕ್ಕೇ ಪ್ರಪಂಚದ ಗೋಡೆಗೆಲ್ಲ ಸುಣ್ಣ ಬಳಿಯೋದಾ? ಅಲ್ಲಿದ್ದದ್ದು ಪಾಠಕ್ಕೆ ಸಂಬಂಧವಿಲ್ಲದ ಚಿತ್ರಗಳು. ಇವರದ್ದು ದಿನಾ ಬಳಸೋ ಚಿಹ್ನೆಗಳು.

ಲಸಾಅ_ಮೇಷ್ಟ್ರು: ಒಪ್ಪಿದೆ. ಗೂಬೆಯನ್ನು ಯಾವ ಕಡೆ ಹಾಕ್ತೀರಿ?

ಮೆಲ್ದನಿ: ಕಿತ್ತುಹಾಕಿ ಅನ್ನೋರು ಒಂದು ದಿನ ನನ್ನ ತರಗತಿಗೆ ಬನ್ನಿ. ಮಾತು ಬಾರದ ಮಗುವಿಗೆ ಚಿಹ್ನೆ ಅನ್ನೋದು ಬೋಧನೋಪಕರಣ ಅಲ್ಲ, ಬಾಯಿ. ಚಾರ್ಲ್ಸ್ ಬ್ಲಿಸ್ 1940ರ ದಶಕದಲ್ಲಿ ದೇಶದೇಶಗಳ ನಡುವೆ ಬಳಕೆಯಾಗಲಿ ಅಂತ ಒಂದು ಚಿಹ್ನೆಲಿಪಿ ಕಟ್ಟಿದ. ದೊಡ್ಡವರ ಲೋಕ ಅದನ್ನು ಮೂಸಿಯೂ ನೋಡಲಿಲ್ಲ. 1971ರಲ್ಲಿ ಟೊರಾಂಟೊದಲ್ಲಿ ಶರ್ಲಿ ಮೆಕ್‌ನಾಟನ್ ಮತ್ತು ಜೊತೆಗಾರರು ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಮಕ್ಕಳಿಗೆ ಅದನ್ನು ಕಲಿಸಿದ್ರು, ಮಕ್ಕಳು ಅದರಲ್ಲೇ ಮಾತಾಡಿದ್ರು. ಸುಣ್ಣದಕಡ್ಡಿಯವರಿಗೆ ಒಂದೇ ಮಾತು: ಜಾಗ, ಆಕಾರ ಬದಲಿಸಬೇಡಿ. ಒಮ್ಮೆ ನಾನು ವೇಳಾಪಟ್ಟಿಯಲ್ಲಿ ಆಟದ ಚೆಂಡಿನ ಚಿತ್ರವನ್ನು ಹೇಳದೆ ಕೇಳದೆ ಕೆಳಗಿನ ಸಾಲಿಗೆ ಸರಿಸಿದ್ದೆ. ಒಬ್ಬ ಹುಡುಗ ಬೆಳಗ್ಗೆಯೆಲ್ಲ ಮೇಜಿನಡಿ ಕೂತಿದ್ದ.

ಬೂದುಬಣ್ಣ: ಬಣ್ಣವೊಂದನ್ನೇ ನಂಬಬೇಡಿ ದಯವಿಟ್ಟು. ನನಗೆ ಕೆಂಪು, ಹಸಿರು ಬೇರೆ ಅಂತ ತಿಳಿಯಲ್ಲ. ಶಾಲೆಯಲ್ಲಿ 'ಗೊತ್ತಾಯ್ತು' ಕಾರ್ಡು ಎತ್ತಿದ್ದೀನಿ ಅಂದ್ಕೊಂಡು ವರ್ಷವಿಡೀ 'ಗೊತ್ತಾಗಲಿಲ್ಲ' ಎತ್ತಿದ್ದೆ.

ಬೀಕರ್: ನನ್ನ ತಕರಾರು ಸಂಖ್ಯೆಯದ್ದಲ್ಲ. ಚಿತ್ರ ತಾನಾಗೇ ಅರ್ಥವಾಗುತ್ತೆ ಅಂತ ನಾವು ನಂಬಿದ್ದೀವಲ್ಲ, ಅದರದ್ದು. ಬಾಣದ ಗುರುತು ತಗೊಳ್ಳಿ. ಆಹಾರ ಸರಪಳಿಯಲ್ಲಿ ಹುಲ್ಲಿನಿಂದ ಮೊಲದ ಕಡೆಗೆ ಬಾಣ. ನಮ್ಮ ಪ್ರಕಾರ ಅದು ಶಕ್ತಿ ಹರಿಯೋ ದಿಕ್ಕು. ಮಕ್ಕಳು ಓದೋದು 'ಹುಲ್ಲು ಮೊಲವನ್ನು ತಿನ್ನುತ್ತೆ' ಅಂತ! ಮುಂದಿನ ಪಾಠದಲ್ಲಿ ಅದೇ ಬಾಣ ಬಲದ ಗುರುತಾಗುತ್ತೆ, ಆಮೇಲೆ ರಾಸಾಯನಿಕ ಕ್ರಿಯೆಯದ್ದು, ಹೂವಿನ ಚಿತ್ರದಲ್ಲಿ ಬರೀ ಹೆಸರು ತೋರಿಸೋ ಗೆರೆ. ಯಾರೂ ಹೇಳಿಕೊಡಲ್ಲ.

ಗೂಬೆಗೂ ಒಂದು ಉತ್ತರ ಇದೆ. ಮನೋವಿಜ್ಞಾನಿ ಜೂಡಿ ಡಿಲೋಚ್ 1980ರ ದಶಕದಲ್ಲಿ ಕೋಣೆಯ ಪುಟ್ಟ ಮಾದರಿಯೊಳಗೆ ಗೊಂಬೆ ಬಚ್ಚಿಟ್ಟು, ನಿಜವಾದ ಕೋಣೆಯಲ್ಲಿ ಅದೇ ಜಾಗದಲ್ಲಿರೋ ದೊಡ್ಡ ಗೊಂಬೆ ಹುಡುಕು ಅಂತ ಮಕ್ಕಳಿಗೆ ಹೇಳಿದ್ರು. ಮೂರು ವರ್ಷದವರಲ್ಲಿ ಬಹುಪಾಲು ಗೆದ್ದರು, ಎರಡೂವರೆಯವರು ಸೋತರು. ಮಾದರಿ ಜೊತೆ ಮೊದಲೇ ಆಡೋಕೆ ಬಿಟ್ಟಾಗ ಮೂರರವರೂ ಎಡವಿದ್ರು! ಆಟಿಕೆಯಾದ ಮೇಲೆ ಅದು ಇನ್ನೊಂದರ ಗುರುತಾಗಿ ಕಾಣೋದು ಕಷ್ಟ.

ಲಸಾಅ_ಮೇಷ್ಟ್ರು: ಸಮ ಚಿಹ್ನೆಯದ್ದೂ ಇದೇ ಕಥೆ. 8 + 4 = ▢ + 5 ಬರೆದು ನೋಡಿ, ಎಷ್ಟೋ ಮಕ್ಕಳು 12 ತುಂಬ್ತಾರೆ. ಅವರಿಗೆ = ಅಂದ್ರೆ 'ಉತ್ತರ ಬರಿ'. 1557ರಲ್ಲಿ ಗಣಿತಜ್ಞ ರಾಬರ್ಟ್ ರೆಕಾರ್ಡ್ ಒಂದೇ ಉದ್ದದ ಎರಡು ಗೆರೆ ಎಳೆದದ್ದು, ಇವಕ್ಕಿಂತ ಸಮವಾದದ್ದು ಇನ್ನೆರಡಿಲ್ಲ ಅಂತ. ಪಕ್ಕಾ ಚಿತ್ರವೇ. ಆದ್ರೂ ಕಾಣಲ್ಲ.

ಸುಣ್ಣದಕಡ್ಡಿ: ಎರಡು ವಾರ ಬಿಟ್ಟು ಬರೀತಿದ್ದೀನಿ. ಹದಿನೈದು ಕಿತ್ತೆ, ನಾಲ್ಕು ಉಳಿದವು. 'ಅರ್ಥವಾಗಲಿಲ್ಲ' ಅನ್ನೋದಕ್ಕೆ ಚಿತ್ರ ನೀವೇ ಬರೀರಿ ಅಂದೆ. ಪ್ರಶ್ನಾರ್ಥಕ ಚಿಹ್ನೆ ಬರುತ್ತೆ ಅಂದ್ಕೊಂಡಿದ್ದೆ. ಗೆದ್ದದ್ದು ಲೇಸು ಬಿಚ್ಚಿದ ಶೂ. ಯಾಕೆ ಅಂದ್ರೆ, "ಬಿಚ್ಚಿಹೋದ್ರೆ ಯಾರೂ ಬೈಯಲ್ಲ, ಕಟ್ಟಿಕೊಡ್ತಾರೆ" ಅಂದಳು ಬರೆದವಳು. ಈಗ ಆ ಕಾರ್ಡು ಎತ್ತೋರು ಜಾಸ್ತಿಯಾಗಿದ್ದಾರೆ.

ಬೀಕರ್: ಹೊಸದಾಗಿ ಸೇರಿದ ಮಗುವಿಗೆ ಶೂ ನೋಡಿ ಏನು ತಿಳಿಯಬೇಕು?

ಸುಣ್ಣದಕಡ್ಡಿ: ತಿಳಿಯಲ್ಲ. ನಿನ್ನೆ ಒಬ್ಬ ಬಂದ, ಮೂವರು ಒಟ್ಟಿಗೆ ವಿವರಿಸೋಕೆ ಹೋಗಿ ಜಗಳಾಡಿದ್ರು.

ಹಿಂದಿನಬೆಂಚು: ಗೂಬೆ ಏನಾಯ್ತು?

ಸುಣ್ಣದಕಡ್ಡಿ: ಸ್ಟಾಫ್ ರೂಮಿನಲ್ಲಿದೆ. ಮೀಟಿಂಗ್ ಹೊತ್ತಲ್ಲಿ ಎಲ್ಲರೂ ಅದನ್ನೇ ನೋಡ್ತಾರೆ.